ಅವಳು ಊರು ಬಿಟ್ಟರೆ ಬಿಡಲಿ

ಹೆಸರು ಹಾಕಬೇಡಿ ಅಂತ ಕೇಳಿಕೊಂಡ ಚಿತ್ರದುರ್ಗದ ಓದುಗರಿಗೆ,

ನಿಮ್ಮ ಪತ್ರ ಬಂದು ಮೂರು ವಾರ ಆಯ್ತು. ತಡವಾಗಿದ್ದಕ್ಕೆ ಕ್ಷಮಿಸಿ. ನಾಲ್ಕು ಸಾಲು ಬರೆದು ಮುಗಿಸುವ ಪತ್ರ ಅದಾಗಿರಲಿಲ್ಲ. ಅದಕ್ಕೇ ಈ ತಿಂಗಳ ಪತ್ರ ವಿಭಾಗವನ್ನೆಲ್ಲ ನಿಮಗೇ ಬಿಟ್ಟುಕೊಟ್ಟಿದ್ದೇನೆ.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಇವರು ಹಗಲು ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಹತ್ತರ ಮೇಲೆ ಕಂಪ್ಯೂಟರ್ ಮುಂದೆ ಕೂತು ಗೇಮ್ ಮಾಡುತ್ತಾರೆ. ಗೇಮ್ ಅಂದ ಕೂಡಲೇ ನಮ್ಮ ಕಡೆ ದುಡ್ಡು ಕಟ್ಟಿ ಆಡುವ ರಮ್ಮಿ ನೆನಪಾಗುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ವಿಶುವಲ್ ನಾವೆಲ್. ತೆರೆಯ ಮೇಲೆ ಚಿತ್ರ, ಕೆಳಗೆ ಮಾತು, ಅಲ್ಲಲ್ಲಿ ಒಂದು ಆಯ್ಕೆ. ಬಾಗಿಲು ತೆಗೆಯಬೇಕಾ, ಬೇಡವಾ. ಆಡುವವರು ಆರಿಸಿದ ಹಾಗೆ ಕಥೆ ತಿರುಗುತ್ತದೆ. ಇವರ ಗೇಮ್ ವಯಸ್ಕರಿಗೆ ಮಾತ್ರ. ಗಂಡು ಹೆಣ್ಣಿನ ದೇಹದ ಸಂಬಂಧವನ್ನು ಮುಚ್ಚಿಡದೆ ಹೇಳುತ್ತದೆ.

ಕಥೆ ಹೀಗಿದೆ. ದಾವಣಗೆರೆ ಹತ್ತಿ ಗಿರಣಿಯಲ್ಲಿ ದುಡಿದವನ ಮಗ, ಮೂವತ್ತೈದು ದಾಟಿದವನು, ಅಪ್ಪ ತೀರಿಕೊಂಡ ಮೇಲೆ ಮನೆ ಮಾರುವುದಕ್ಕೆ ಊರಿಗೆ ಬರುತ್ತಾನೆ. ಕಾಲೇಜಿನಲ್ಲಿ ಪ್ರೀತಿಸಿದವಳು ಈಗ ಗಂಡನಿಂದ ಬೇರೆಯಾಗಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಇಬ್ಬರೂ ಮತ್ತೆ ಹತ್ತಿರವಾಗುತ್ತಾರೆ. ನಾಲ್ಕನೇ ಅಧ್ಯಾಯದ ಕೊನೆಯಲ್ಲಿ, ಬೆಳಗಿನ ಜಾವ, ಅವಳು ಹುಬ್ಬಳ್ಳಿ ಬಸ್ ಹತ್ತಿಬಿಡುತ್ತಾಳೆ. ಆಡುವವರು ಏನೇ ಆರಿಸಿರಲಿ, ಹತ್ತುತ್ತಾಳೆ.

ಜಗಳ ಶುರುವಾದದ್ದು ಅಲ್ಲಿ. ತಿಂಗಳು ತಿಂಗಳು ದುಡ್ಡು ಕೊಡುವ ಅರವತ್ತು ಚಿಲ್ಲರೆ ಬೆಂಬಲಿಗರಲ್ಲಿ ಅರ್ಧ ಜನ ಸಿಟ್ಟಾಗಿದ್ದಾರೆ. ಅವಳನ್ನು ವಾಪಸ್ ಕರೆತನ್ನಿ, ಇಲ್ಲವಾದರೆ ದುಡ್ಡು ನಿಲ್ಲಿಸುತ್ತೇವೆ ಅಂದವರು ಹನ್ನೊಂದು ಜನ. ದುಡ್ಡು ಕೊಟ್ಟವರ ಮಾತು ಕೇಳಬೇಕಲ್ವಾ ಸರ್, ಅಂತ ಕೇಳಿದ್ದೀರಿ. ಇಂಥ ಗೇಮ್ ಮಾಡುವುದೇ ತಪ್ಪಾ ಅಂತಲೂ ಕೇಳಿದ್ದೀರಿ. ಕನ್ನಡದಲ್ಲಿ ಮಾಡಿದರೆ ಯಾರಾದರೂ ಆಡುತ್ತಾರಾ ಅನ್ನುವುದು ಪತ್ರದ ಕೊನೆಯ ಪ್ರಶ್ನೆ.

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ಕಥೆ ಬದಲಿಸಬೇಡಿ.

ಇದನ್ನು ಹೇಳುವುದಕ್ಕೆ ನನ್ನದೇ ಒಂದು ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಒಬ್ಬ ಲೇಖಕಿ ಬರೆಯುತ್ತಿದ್ದ ಕಾದಂಬರಿಯಲ್ಲಿ ನಾಯಕಿ ಗಂಡನ ಮನೆಗೆ ವಾಪಸ್ ಹೋಗದೆ ಒಬ್ಬಳೇ ಇರಲು ತೀರ್ಮಾನ ಮಾಡುತ್ತಾಳೆ. ಪತ್ರಗಳು ರಾಶಿ ಬಿದ್ದವು. ಅವರಿಬ್ಬರನ್ನು ಒಂದು ಮಾಡಿ, ಒಂದು ಮಾಡಿ. ನಾವೆಲ್ಲ ಸೇರಿ ಲೇಖಕಿಯನ್ನು ಒತ್ತಾಯ ಮಾಡಿದೆವು. ಅವರು ಬೇಸರದಿಂದಲೇ ಬದಲಿಸಿದರು. ಎರಡು ವಾರ ಮೆಚ್ಚುಗೆಯ ಪತ್ರ ಬಂದವು, ಆಮೇಲೆ ಒಂದೂ ಇಲ್ಲ. ಮಾತಾಡಲು ಏನೂ ಉಳಿದಿರಲಿಲ್ಲ. ಆ ಲೇಖಕಿ ಮತ್ತೆ ನಮಗೆ ಬರೆಯಲೇ ಇಲ್ಲ. ಆ ಒತ್ತಾಯದಲ್ಲಿ ನನ್ನ ದನಿಯೂ ಇತ್ತು ಅನ್ನುವುದು ಇವತ್ತಿಗೂ ನೋವು.

ಹಾಗಂತ ಬೆಂಬಲಿಗರನ್ನು ದೂರ ಇಡಿ ಅನ್ನುತ್ತಿಲ್ಲ. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ಬರುವ ನಾಟಕ ಕಂಪನಿಗಳನ್ನು ನೀವೂ ನೋಡಿರುತ್ತೀರಿ. ಕಂಪನಿ ನಾಟಕ ಅಂದರೆ ನಮ್ಮೂರಿಗೆ ಬಲು ಅಕ್ಕರೆ, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ದಾವಣಗೆರೆಯದು. ಟಿಕೆಟ್ ತೆಗೆದುಕೊಂಡು ಬಂದ ಜನ ಒಳ್ಳೆಯ ಹಾಡು ಬಂದರೆ 'ಒನ್ಸ್ ಮೋರ್' ಅಂತ ಕೂಗುತ್ತಿದ್ದರು. ನಟ ಮತ್ತೆ ಹಾಡುತ್ತಿದ್ದ. ಸತ್ತು ಬಿದ್ದ ಪಾತ್ರ ಕೂಡ ಎದ್ದು ಹಾಡಿ ಮತ್ತೆ ಸತ್ತ ಕಥೆಗಳನ್ನು ಹಿರಿಯರು ಹೇಳುತ್ತಾರೆ. ಆದರೆ ನೋಡಿ, ಹಾಡು ಮುಗಿದ ಮೇಲೆ ಆ ಪಾತ್ರ ಮತ್ತೆ ಸಾಯುತ್ತಿತ್ತು. ಜನ ಕೇಳಿದ್ದು ಹಾಡನ್ನು, ಕಂಪನಿ ಕೊಟ್ಟಿದ್ದೂ ಹಾಡನ್ನು.

ನಿಮ್ಮ ಬೆಂಬಲಿಗರಿಗೂ ಒನ್ಸ್ ಮೋರ್ ಕೊಡಿ. ಇಷ್ಟವಾದ ದೃಶ್ಯದ ಇನ್ನೊಂದು ಚಿತ್ರ, ಅವರಿಬ್ಬರ ಕಾಲೇಜು ದಿನಗಳ ಒಂದು ಚಿಕ್ಕ ಕಥೆ, ಮುಂದಿನ ಅಧ್ಯಾಯ ಒಂದು ವಾರ ಮೊದಲೇ, ಈ ತಿಂಗಳು ಏನು ಮಾಡಿದೆ ಅನ್ನುವ ಪ್ರಾಮಾಣಿಕ ಲೆಕ್ಕ. ಈ ಕೊನೆಯದು ತುಂಬ ಮುಖ್ಯ. ನಿಮ್ಮ ಬೆಂಬಲಿಗರು ದುಡ್ಡು ಕೊಡುವ ಪೇಟ್ರಿಯಾನ್ ತಾಣ 2013ರಲ್ಲಿ ಶುರುವಾದದ್ದೇ ಮಾಡುವವರಿಗೆ ತಿಂಗಳ ಆದಾಯ ಸಿಗಲಿ ಅಂತ. ಅಲ್ಲಿ ಕೊಡುವ ದುಡ್ಡು ನಿಮ್ಮ ರಾತ್ರಿಗಳಿಗೆ. ಒಂದು ತಿಂಗಳು ಕೆಲಸ ಆಗದಿದ್ದರೆ ಆಗಲಿಲ್ಲ ಅಂತ ಹೇಳಿ, ಆ ತಿಂಗಳ ವಸೂಲಿ ನಿಲ್ಲಿಸಿ. ಕಥೆಯ ಕೊನೆಯನ್ನು ಮಾತ್ರ ಓಟಿಗೆ ಹಾಕಬೇಡಿ.

ಎರಡೂ ದಾರಿ ಇಟ್ಟುಬಿಡಲಾ, ಹೋಗುವುದೊಂದು, ಉಳಿಯುವುದೊಂದು, ಅಂತ ಕೇಳಿದ್ದೀರಿ. ಲೆಕ್ಕ ಹಾಕಿ. ಹತ್ತು ಕಡೆ ಎರಡೆರಡು ದಾರಿ ಒಡೆದು ಒಂದನ್ನೂ ಮತ್ತೆ ಕೂಡಿಸದಿದ್ದರೆ 1,024 ಕಥೆಗಳಾಗುತ್ತವೆ. ಅದಕ್ಕೇ ಅನುಭವಸ್ಥರು ದಾರಿ ಒಡೆದು ಮುಂದೆಲ್ಲೋ ಸೇರಿಸಿಬಿಡುತ್ತಾರೆ, ಏನು ಆರಿಸಿದ್ದರು ಅನ್ನುವುದನ್ನು ಗೇಮ್ ನೆನಪಿಟ್ಟುಕೊಂಡು ಮಾತಿನ ಧಾಟಿಯಲ್ಲಿ ತೋರಿಸುತ್ತದೆ. ಒಂದೊಂದು ಚಿತ್ರ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದನ್ನು ಪೂರ್ತಿ ಮೂಡಿಸಲು, ನಿಮಗೆ ಅರ್ಧ ಗಂಟೆ ಬೇಕು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ ಅಂತ ನೀವೇ ಬರೆದಿದ್ದೀರಿ. ಹಾಗಿರುವಾಗ ನಿಮಗೆ ನಂಬಿಕೆ ಇಲ್ಲದ ಒಂದು ದಾರಿಗೆ ಇನ್ನೂರು ಚಿತ್ರ ಯಾಕೆ? ಅವಳು ಹೊರಡಲಿ. ಆಡುವವನ ಆಯ್ಕೆಗಳಿಂದ ಅವಳು ಹೇಗೆ ಹೊರಡುತ್ತಾಳೆ ಅನ್ನುವುದು ಬದಲಾಗಲಿ. ಒಬ್ಬನಿಗೆ ಚೀಟಿ ಬರೆದಿಟ್ಟು ಹೋಗಲಿ, ಇನ್ನೊಬ್ಬನನ್ನು ಬಸ್ ಸ್ಟ್ಯಾಂಡಿಗೆ ಕರೆದು ಚಹಾ ಕುಡಿಸಿ ಹೋಗಲಿ, ಮೂರನೆಯವನಿಗೆ ಏನೂ ಹೇಳದೆ ಹೋಗಲಿ.

ನೀವು ಕಳಿಸಿದ ಎರಡು ದೂರುಗಳನ್ನು ನಾನು ಪಕ್ಕಪಕ್ಕ ಇಟ್ಟು ಓದಿದೆ. ಮೊದಲನೆಯವರು ಹೇಳುವುದು: ಪ್ರತಿ ಸಲ ಅವಳನ್ನೇ ಆರಿಸಿದ್ದೇನೆ, ಆದ್ದರಿಂದ ಅವಳು ನನಗೆ ಸಿಗಬೇಕು. ಇದಕ್ಕೆ ಬದಲಾಗಬೇಡಿ. ಆರಿಸಿದ ಮಾತ್ರಕ್ಕೆ ಹೆಣ್ಣು ಸಿಗುತ್ತಾಳೆ ಅನ್ನುವ ಲೆಕ್ಕ ಈ ಬಗೆಯ ಗೇಮ್‌ಗಳಲ್ಲಿ ತುಂಬ ಹಳೆಯದು. ಹೂವು ಕೊಟ್ಟರೆ ಎರಡು ಪಾಯಿಂಟ್, ಹೊಗಳಿದರೆ ಮೂರು, ಹತ್ತಾದರೆ ಮಲಗುವ ಕೋಣೆ. ನಿಮ್ಮ ಕಥೆ ಅದನ್ನು ಮುರಿದಿದೆ, ನನಗೆ ಹಿಡಿಸಿದ್ದು ಅದೇ. ಅವಳಿಗೂ ಒಂದು ಆಯ್ಕೆ ಇದೆ ಅಂತ ಆಯ್ತಲ್ಲ.

ಎರಡನೆಯ ದೂರು ಬೇರೆ ಥರ. ಬರೆದವರು ಯಾವ ದೇಶದವರೋ, ಕಥೆಯನ್ನು ಎಷ್ಟು ಗಮನವಿಟ್ಟು ಓದಿದ್ದಾರೆ ನೋಡಿ. ಮೂರನೇ ಅಧ್ಯಾಯದಲ್ಲಿ ಅವಳು ಸಾಲ ಮಾಡಿ ಹೊಸ ಹೊಲಿಗೆ ಮೆಷಿನ್ ತಂದಳು, ಊರು ಬಿಡುವವಳು ಮೆಷಿನ್ ಯಾಕೆ ತರುತ್ತಾಳೆ ಅಂತ ಕೇಳಿದ್ದಾರೆ. ಇದು ನಿಜವಾದ ಪ್ರಶ್ನೆ. ಈ ಒಬ್ಬರ ದೂರನ್ನು ಗೋಡೆಗೆ ಅಂಟಿಸಿಕೊಳ್ಳಿ. ಓದುಗರು ಎಡವಿದ ಜಾಗವನ್ನು ಸರಿಯಾಗಿಯೇ ತೋರಿಸುತ್ತಾರೆ, ಮುಂದೆ ಯಾವ ಕಡೆ ಹೋಗಬೇಕು ಅನ್ನುವುದು ಮಾತ್ರ ಬರೆದವರ ಪಾಲಿನದು. ಅವರಿಗೆ ಸಿಟ್ಟು ಬಂದದ್ದು ನಾಲ್ಕನೇ ಅಧ್ಯಾಯದಲ್ಲಿ, ತಪ್ಪಿರುವುದು ಮೂರನೆಯದರಲ್ಲಿ. ಮೆಷಿನ್ ತಂದ ದಿನ ಅವಳ ಮನಸ್ಸಿನಲ್ಲಿ ಏನಿತ್ತು? ಇಲ್ಲೇ ಇರುತ್ತೇನೆ ಅಂತ ನಂಬಿ ತಂದಳಾ? ಹಾಗಾದರೆ ಆ ನಂಬಿಕೆ ಒಡೆದ ಗಳಿಗೆ ಎಲ್ಲಿ? ಅದನ್ನು ನೀವು ಬರೆದಿಲ್ಲ. ಅವಳ ದೇಹವನ್ನು ಅಷ್ಟು ಬೆಳಕಿನಲ್ಲಿ ತೋರಿಸಿದ್ದೀರಿ, ಈ ಒಂದು ಗಳಿಗೆಯನ್ನು ಕತ್ತಲೆಯಲ್ಲಿ ಬಿಟ್ಟಿದ್ದೀರಿ.

ಇನ್ನು ತಪ್ಪಾ ಅನ್ನುವ ಪ್ರಶ್ನೆ. ದೊಡ್ಡವರ ಕಥೆಯನ್ನು ದೊಡ್ಡವರಿಗೆ ಹೇಳುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. 13ನೇ ಶತಮಾನದಲ್ಲಿ ಜನ್ನ ಅಮೃತಮತಿಯ ಕಥೆ ಬರೆದ. ರಾಣಿ ಗಂಡನಿಗೆ ಗೊತ್ತಾಗದ ಹಾಗೆ ಕುರೂಪಿ ಮಾವುತನ ಹತ್ತಿರ ಹೋಗುತ್ತಾಳೆ. ಅವಳು ಯಾಕೆ ಹೋದಳು ಅಂತ ಕನ್ನಡಿಗರು ಎಂಟು ನೂರು ವರ್ಷದಿಂದ ಮಾತಾಡುತ್ತಲೇ ಇದ್ದಾರೆ. ಆಸೆಯ ಕಥೆ ನಮಗೆ ಹೊಸದಲ್ಲ.

ಆದರೆ ಕೆಲವು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಲೇಬೇಕು. ನಿಮ್ಮ ಪಾತ್ರಗಳೆಲ್ಲ ವಯಸ್ಕರೇ ಆಗಿರಬೇಕು, ನೆನಪಿನ ದೃಶ್ಯದಲ್ಲೂ ಅಷ್ಟೇ. ಮತ್ತೆ, ನೀವು ಇರುವುದು ಫೋಟೊ ಸ್ಟುಡಿಯೋದಲ್ಲಿ. ಪಾಸ್‌ಪೋರ್ಟ್ ಫೋಟೊಗೆ, ಮದುವೆ ಆಲ್ಬಮ್‌ಗೆ ಅಂತ ನೂರಾರು ಹೆಣ್ಣುಮಕ್ಕಳ ಮುಖ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತದೆ. ಅದರಲ್ಲಿ ಒಂದನ್ನೂ, ಒಂದು ಮೂಗು ಹುಬ್ಬನ್ನೂ ಗೇಮ್‌ಗೆ ತರಬೇಡಿ. ನೀವು ತಂದಿದ್ದೀರಿ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಮುಖ ಸರಿ ಬರುತ್ತಿಲ್ಲ ಅನ್ನಿಸಿದಾಗ ಈ ಮಾತು ನೆನಪಿರಲಿ.

ಕಾನೂನನ್ನೂ ತಿಳಿದುಕೊಳ್ಳಿ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ನೇ ಕಲಂ ಅಶ್ಲೀಲ ವಸ್ತುವನ್ನು ಕಂಪ್ಯೂಟರ್ ಮೂಲಕ ಪ್ರಕಟಿಸುವುದಕ್ಕೆ ಮೊದಲ ಸಲ 3 ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ ಹೇಳುತ್ತದೆ. ಲೈಂಗಿಕ ಕ್ರಿಯೆಯನ್ನು ನೇರವಾಗಿ ತೋರಿಸಿದರೆ 67ಎ ಬರುತ್ತದೆ, ಅದು 5 ವರ್ಷ, 10 ಲಕ್ಷ. ಸಾಹಿತ್ಯ, ಕಲೆಯ ಹಿತಕ್ಕಾಗಿ ಇರುವ ಕೃತಿಗೆ ವಿನಾಯಿತಿ ಇದೆ, ಆದರೆ ಹಾಗೆ ಅಂತ ನ್ಯಾಯಾಲಯದಲ್ಲಿ ತೋರಿಸಿಕೊಡಬೇಕು. 2014ರಲ್ಲಿ ಸುಪ್ರೀಂ ಕೋರ್ಟ್, ಅಶ್ಲೀಲವೋ ಅಲ್ಲವೋ ಅನ್ನುವುದನ್ನು ಇಂದಿನ ಸಮಾಜದ ಅಳತೆಯಿಂದ, ಇಡೀ ಕೃತಿಯನ್ನು ನೋಡಿ ತೀರ್ಮಾನಿಸಬೇಕು ಅಂದಿತು. ಒರಟು ಭಾಷೆ ಇದ್ದ ಮಾತ್ರಕ್ಕೆ ಅಶ್ಲೀಲವಲ್ಲ ಅಂತ 2024ರಲ್ಲಿ ಹೇಳಿತು. ಇವು ಧೈರ್ಯ ಕೊಡುವ ತೀರ್ಪುಗಳು. ಹಾಗಿದ್ದೂ ನಿಮ್ಮ ಗೇಮ್‌ನಲ್ಲಿ ಇರುವುದು ಬರೀ ಮಾತಲ್ಲ, ಚಿತ್ರ. ಮುಂದಿನ ಅಧ್ಯಾಯ ಹೊರಗೆ ಬಿಡುವ ಮೊದಲು ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ. ನಾಚಿಕೆ ಬೇಡ.

ಹಣದ ವಿಷಯ ಬೇಗ ಹೇಳುತ್ತೇನೆ. ಬೆಂಬಲಿಗರಲ್ಲಿ ನಮ್ಮವರು ಇಬ್ಬರೇ ಅಂತ ಬೇಜಾರು ಮಾಡಿಕೊಂಡಿದ್ದೀರಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗಲು ಗ್ರಾಹಕರ ಪ್ರತ್ಯೇಕ ಒಪ್ಪಿಗೆ ದಾಖಲಾಗಬೇಕು. ಆಗ ಹೊರದೇಶದ ಎಷ್ಟೋ ಸೇವೆಗಳಿಗೆ ನಮ್ಮ ಕಾರ್ಡು ನಡೆಯದಾಯಿತು. ಹಾಗಾಗಿ ಇಬ್ಬರೇ ಅಂದರೆ ಮೆಚ್ಚಿದವರು ಇಬ್ಬರೇ ಅಂತ ತಿಳಿಯಬೇಡಿ. ಇನ್ನೊಂದು ಮಾತು, ಎಲ್ಲವನ್ನೂ ಒಂದೇ ಕಡೆ ಇಡಬೇಡಿ. 2025ರ ಜುಲೈನಲ್ಲಿ ಇಚ್ ಡಾಟ್ ಐಒ ಅನ್ನುವ ಗೇಮ್ ತಾಣ ವಯಸ್ಕರ ಗೇಮ್‌ಗಳನ್ನೆಲ್ಲ ತನ್ನ ಹುಡುಕಾಟದಿಂದ ಒಮ್ಮೆಲೇ ಮರೆ ಮಾಡಿತು. ಅದೇ ತಿಂಗಳು ಗೇಮ್ ಮಾರುವ ಇನ್ನೊಂದು ತಾಣ ಸ್ಟೀಮ್ ಕೂಡ ಒಂದಷ್ಟು ಗೇಮ್ ತೆಗೆದುಹಾಕಿತು. ಒತ್ತಡ ಬಂದದ್ದು ಕಾರ್ಡ್ ಪಾವತಿ ನಡೆಸುವ ಕಂಪನಿಗಳ ಕಡೆಯಿಂದ. ಎಷ್ಟೋ ಜನ ಒಂಟಿಯಾಗಿ ಗೇಮ್ ಮಾಡುವವರಿಗೆ ಬೆಳಗ್ಗೆ ಎದ್ದು ನೋಡಿದರೆ ಅಂಗಡಿಯ ಬಾಗಿಲೇ ಕಾಣಲಿಲ್ಲ. ನಿಮ್ಮ ಬೆಂಬಲಿಗರನ್ನು ತಲುಪಲು ನಿಮ್ಮದೇ ಒಂದು ದಾರಿ ಇಟ್ಟುಕೊಳ್ಳಿ, ಅವರು ಒಪ್ಪಿ ಕೊಟ್ಟ ಇಮೇಲ್ ಪಟ್ಟಿ ಸಾಕು.

ಕೊನೆಗೆ ಕನ್ನಡ. ವಿಶುವಲ್ ನಾವೆಲ್ ಮಾಡಲು ನೀವು ಬಳಸುವ ರೆನ್‌ಪೈ ತಂತ್ರಾಂಶ 2004ರಿಂದ ಇದೆ, ಉಚಿತ, ಮಾತುಗಳೆಲ್ಲ ಸಾದಾ ಅಕ್ಷರದ ಕಡತದಲ್ಲೇ ಇರುತ್ತವೆ, ಒಂದೇ ಗೇಮ್‌ನಲ್ಲಿ ಎರಡು ಭಾಷೆ ಇಡಬಹುದು. ಮೊದಲು ಅದರಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರುತ್ತಿತ್ತು ಅಂದಿದ್ದೀರಿ. ಈಚಿನ ಆವೃತ್ತಿಗಳಲ್ಲಿ ಹಾರ್ಫ್‌ಬಝ್ ಅನ್ನುವ ತಂತ್ರಾಂಶ ಸೇರಿಸಿದ್ದಾರೆ, ನಮ್ಮಂಥ ಲಿಪಿಗಳ ಅಕ್ಷರಗಳನ್ನು ಸರಿಯಾಗಿ ಜೋಡಿಸುವುದೇ ಅದರ ಕೆಲಸ. ಹೊಸದನ್ನು ಹಾಕಿ ನೋಡಿ. ಆಡುವವರು ಎಷ್ಟು ಜನ ಸಿಗುತ್ತಾರೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಅವಳ ಮಾತನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷ್ ಮಾಡಿ. ನೀವು ಕಳಿಸಿದ ಇಂಗ್ಲಿಷ್ ಮಾತುಗಳಲ್ಲಿ ಅವಳು ಯಾವ ಊರಿನವಳೂ ಅಲ್ಲ. ಊರಿಗೂ ಸುಳ್ಳು ಹೆಸರು ಬೇಡ. ಪಿ.ಬಿ. ರಸ್ತೆ ಅನ್ನಿ, ಮಂಡಕ್ಕಿ ಭಟ್ಟಿಯ ಹೊಗೆ ತೋರಿಸಿ, ಮುಚ್ಚಿದ ಗಿರಣಿಯ ಗೋಡೆ ತೋರಿಸಿ. ಎಲ್ಲೋ ಕೂತು ಹೊಲಿಗೆ ಮೆಷಿನ್ ಲೆಕ್ಕ ಕೇಳಿದ ಆ ಓದುಗರಿಗೆ ಅದು ಖಂಡಿತ ಅರ್ಥವಾಗುತ್ತದೆ.

ಮೂರನೇ ಅಧ್ಯಾಯ ತಿದ್ದಿದ ಮೇಲೆ ಬರೀ ಮಾತಿನ ಕಡತ ನನಗೆ ಕಳಿಸಿ, ಓದುತ್ತೇನೆ. ಈಗ ನನ್ನದೂ ಒಂದು ಪ್ರಶ್ನೆ ಇದೆ. ಅವಳು ಹುಬ್ಬಳ್ಳಿಗೆ ಹೋಗಿದ್ದು ಒಂದು ಚಿಕ್ಕ ಬ್ಯಾಗ್ ಹಿಡಿದುಕೊಂಡು. ಹಾಗಾದರೆ ಆ ಮೆಷಿನ್ ಈಗ ಯಾರ ಮನೆಯಲ್ಲಿದೆ, ಅದರ ಕಂತು ಯಾರು ಕಟ್ಟುತ್ತಿದ್ದಾರೆ?