ನಿಮ್ಮ ನಿಲ್ದಾಣದಲ್ಲಿ ಮಾತ್ರ ಚುನಾವಣೆ ನಡೆಸಲಾಗದು, ಆದರೂ ಕೈಬಿಡಬೇಡಿ

ಅಮೆರಿಕದ ವಿಮಾನಯಾನ ಸಂಸ್ಥೆಯೊಂದರಲ್ಲಿ ಸಾಮಾನು ತುಂಬುವ ಕೆಲಸ ಮಾಡುವ ನೀವು, ನಿಮ್ಮ ನಿಲ್ದಾಣದಲ್ಲಿ ಬಹುತೇಕ ಎಲ್ಲರೂ ಸಂಘ ಬೇಕೆಂದು ಕಾರ್ಡಿಗೆ ಸಹಿ ಹಾಕಿದ್ದಾರೆ, ಅಲ್ಲಿಗಷ್ಟೇ ಸಂಘ ಕಟ್ಟಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. 1926ರ ರೈಲ್ವೆ ಕಾರ್ಮಿಕ ಕಾಯ್ದೆಯನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಿದರು. ಅದರ ಪ್ರಕಾರ ಒಂದೇ ಬಗೆಯ ಕೆಲಸ ಮಾಡುವವರೆಲ್ಲ, ದೇಶದ ಯಾವ ನಿಲ್ದಾಣದಲ್ಲಿದ್ದರೂ, ಒಂದೇ ಗುಂಪು. ಆ ಇಡೀ ಗುಂಪಿನ ಕನಿಷ್ಠ ಶೇ 50ರಷ್ಟು ಜನರ ಸಹಿ ಇದ್ದರೆ ಮಾತ್ರ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಎಂಬ ಸರ್ಕಾರಿ ಮಂಡಳಿ ಸಂಘ ಬೇಕೇ ಎಂಬ ಚುನಾವಣೆ ನಡೆಸುತ್ತದೆ. ನನ್ನ ದೃಷ್ಟಿಯಲ್ಲಿ ಇದು ಕಾರ್ಮಿಕರ ಮೇಲೆ ಹೇರಿದ ಅನ್ಯಾಯದ ಹೊರೆ.

ಕಾರ್ಡಿನ ಮೇಲೆ ಸಹಿಯ ಜೊತೆಗೆ ದಿನಾಂಕವನ್ನೂ ಕಾರ್ಮಿಕರೇ ಸ್ವಂತ ಕೈಯಿಂದ ಬರೆದಿರಬೇಕು. ಒಂದು ವರ್ಷ ದಾಟಿದ ಕಾರ್ಡು ಲೆಕ್ಕಕ್ಕಿಲ್ಲ. ಎಷ್ಟೋ ತಿಂಗಳ ಓಡಾಟ ಹೀಗೆಯೇ ವ್ಯರ್ಥವಾಗುತ್ತದೆ, ಆದ್ದರಿಂದ ಹಳೆಯ ಕಾರ್ಡುಗಳನ್ನು ಈಗಲೇ ಪರಿಶೀಲಿಸಿ. ಯಾರು ಸಹಿ ಹಾಕಿದರೆಂಬುದನ್ನು ಮಂಡಳಿ ವಿಮಾನಯಾನ ಸಂಸ್ಥೆಗೆ ತಿಳಿಸುವುದಿಲ್ಲ. ಹೆದರಿರುವ ಸಹೋದ್ಯೋಗಿಗಳಿಗೆ ಇದನ್ನು ಮೊದಲು ಹೇಳಿ.

ಮತದಾನದಲ್ಲಿ ಒಂದು ಅನುಕೂಲವಿದೆ. ಹಿಂದೆ ಮತ ಹಾಕದವರನ್ನೂ ಸಂಘದ ವಿರೋಧಿಗಳೆಂದೇ ಎಣಿಸುತ್ತಿದ್ದರು. 2010ರಲ್ಲಿ ನಿಯಮ ಬದಲಾಯಿತು, ಈಗ ಚಲಾಯಿತ ಮತಗಳಲ್ಲಿ ಬಹುಮತ ಸಾಕು.

ಅಂದ ಹಾಗೆ, ನಿಮಗೆ ಸಂಬಳ ಕೊಡುವುದು ವಿಮಾನಯಾನ ಸಂಸ್ಥೆಯೋ ಗುತ್ತಿಗೆದಾರರೋ? ಗುತ್ತಿಗೆದಾರರಾದರೆ ಬೇರೆ ಕಾಯ್ದೆ ಅನ್ವಯಿಸಬಹುದು, ಅದರಲ್ಲಿ ಶೇ 30ರಷ್ಟು ಸಹಿಯಿದ್ದರೆ ಚುನಾವಣೆ ಕೇಳಬಹುದು. ವೇತನ ಚೀಟಿ ನೋಡಿ ತಿಳಿಸಿ.