ಐದು ದಿನದಲ್ಲಿ ಗೆದ್ದ ಬಟನ್

ಆತ್ಮೀಯರೇ,

ವೆಬ್‌ಸೈಟ್ ಪ್ರಯೋಗಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ.

ಮೊದಲ ಆರು ಪ್ಯಾರಾಗಳಲ್ಲಿ ಬರೀ ವಿವರಣೆ. ಲಿಂಕ್‌ಗೆ ಯಾವ ಬಣ್ಣ ಸರಿ ಎಂದು ಗೂಗಲ್ 41 ಬಗೆಯ ನೀಲಿ ಪರೀಕ್ಷಿಸಿದ ಕಥೆ ಎಲ್ಲರೂ ಬರೆದಾಗಿದೆ, ತೆಗೆಯಿರಿ. ಏಳನೆಯದರಲ್ಲಿ ನಿಮ್ಮ ಚಿಕ್ಕಮ್ಮನ ಕಾಸರಗೋಡು ಸೀರೆಯ ಸೈಟ್ ಬರುತ್ತದೆ. ದಿನಕ್ಕೆ 400 ಜನ ನೋಡುತ್ತಾರೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ದೊಡ್ಡ ತಪ್ಪು ಇರುವುದೂ ಅಲ್ಲೇ. ಐದು ದಿನ ಎ/ಬಿ ಟೆಸ್ಟ್ ಮಾಡಿದಿರಿ, ಅಂದರೆ ಅರ್ಧ ಜನರಿಗೆ ಹಳೆ ಬಣ್ಣದ ಬಟನ್, ಇನ್ನರ್ಧ ಜನರಿಗೆ ಹೊಸ ಬಣ್ಣದ್ದು ತೋರಿಸಿ ಹೋಲಿಸಿದಿರಿ. ಹಳೆ ಬಟನ್ ಕಂಡ ಸಾವಿರ ಜನರಿಂದ 30 ಆರ್ಡರ್, ಹೊಸದು ಕಂಡ ಸಾವಿರ ಜನರಿಂದ 38. ಹೊಸದು ಗೆದ್ದಿತು ಎಂದು ಬರೆದಿರಿ. ಗೆದ್ದಿಲ್ಲ. ಎರಡೂ ಗುಂಪಿಗೆ ಒಂದೇ ಬಟನ್ ತೋರಿಸಿದ್ದರೂ ಸುಮಾರು ಮೂರರಲ್ಲಿ ಒಂದು ಸಲ ಇಷ್ಟು ಅಂತರ ಸುಮ್ನೆ ಬಂದುಬಿಡುತ್ತದೆ. ನೂರಕ್ಕೆ 3 ಇದ್ದ ಆರ್ಡರ್ 3.3 ಆಯಿತೇ ಎಂದು ಧೈರ್ಯವಾಗಿ ಹೇಳಬೇಕಾದರೆ ಗುಂಪಿಗೆ 50 ಸಾವಿರಕ್ಕೂ ಜಾಸ್ತಿ ಜನ ಬೇಕು. ನಿಮಗೆ ಎಂಟು ತಿಂಗಳು ಸಾಲದು. ಬಟನ್ ಬಣ್ಣಕ್ಕೆ ಅಷ್ಟು ಕಾಯುವುದುಂಟೇ? 3ರಿಂದ 4.5ಕ್ಕೆ ಏರಿಸುವಂಥ ದೊಡ್ಡ ಬದಲಾವಣೆ ಹಿಡಿಯಿರಿ. ಸೀರೆ ಉಟ್ಟವರ ಫೋಟೊ ಹಾಕಿ ನೋಡಿ, ಇಲ್ಲವೇ ಸೀರೆ ಕೈಗೆ ಬಂದ ಮೇಲೆ ದುಡ್ಡು ಕೊಡುವ ಅವಕಾಶ ಕೊಡಿ. ಅಂಥದ್ದು ತಿಳಿಯಲು ಗುಂಪಿಗೆ ಎರಡೂವರೆ ಸಾವಿರದಷ್ಟು ಜನ ಸಾಕು, ಎರಡು ವಾರದ ಕೆಲಸ.

ಹಲವು ಬದಲಾವಣೆಗಳನ್ನು ಒಟ್ಟಿಗೇ ಪರೀಕ್ಷಿಸುವ ಮಲ್ಟಿವೇರಿಯೇಟ್ ಟೆಸ್ಟ್ ನಿಮಗೆ ಬೇಡ. ಮೂರು ಶೀರ್ಷಿಕೆ, ಎರಡು ಫೋಟೊ, ಎರಡು ಬಟನ್ ಅಂದರೆ 12 ಜೋಡಣೆ. ಒಂದೊಂದಕ್ಕೆ ದಿನಕ್ಕೆ 33 ಜನ.

ಫಲಿತಾಂಶ ನೋಡುತ್ತಾ ಯಾವುದನ್ನು ಎಷ್ಟು ಜನರಿಗೆ ತೋರಿಸಬೇಕೆಂದು ಬದಲಿಸುವ ಬ್ಯಾಂಡಿಟ್ ವಿಧಾನವನ್ನು 'ಹೊಸ ಫ್ಯಾಷನ್' ಎಂದು ತಳ್ಳಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದರ ಮೂಲ ಯೋಚನೆ 1933ರದ್ದು. ಓಣಂ ಸೇಲ್ ಇರುವುದೇ ಹತ್ತು ದಿನ. ಸೇಲ್ ಮುಗಿದ ಮೇಲೆ ಉತ್ತರ ಸಿಕ್ಕಿ ಏನು ಪ್ರಯೋಜನ? ಬ್ಯಾಂಡಿಟ್ ಆದರೆ ಚೆನ್ನಾಗಿ ಓಡುವ ಬ್ಯಾನರನ್ನು ದಿನದಿನಕ್ಕೂ ಹೆಚ್ಚು ಜನರಿಗೆ ತೋರಿಸುತ್ತಾ ಹೋಗುತ್ತದೆ. ಯಾವುದು ಎಷ್ಟು ಮೇಲು ಎಂಬ ಲೆಕ್ಕ ಅಷ್ಟು ಖಚಿತವಾಗಿ ಸಿಗುವುದಿಲ್ಲ. ಅದನ್ನೂ ಬರೆಯಿರಿ.

ಇನ್ನೊಂದು ಮಾತು. ಈ ಪ್ರಯೋಗ ಪದ್ಧತಿ ಬೆಳೆದದ್ದು ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಯಾವ ತುಂಡು ನೆಲಕ್ಕೆ ಯಾವ ಗೊಬ್ಬರ ಎಂದು ಚೀಟಿ ಎತ್ತಿದ ಹಾಗೆ ಹಂಚುವುದನ್ನು ಕಲಿಸಿದರು. ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಇರುವ ಕಾಸರಗೋಡಿನ ಓದುಗರಿಗೆ ತೆಂಗಿನ ತೋಟದ ಪ್ರಯೋಗ ಹೇಳಿದರೆ ಬೇಗ ಅರ್ಥವಾಗುತ್ತದೆ, ಅಲ್ವಾ?

ಚಿಕ್ಕಮ್ಮನಿಗೆ ನಿಜವಾಗಿ ಏನು ತಿಳಿಯಬೇಕಿದೆ ಎಂದು ಕೇಳಿ, ಅದನ್ನೇ ಮೊದಲ ಸಾಲು ಮಾಡಿ ಕಳಿಸಿ. ನಾನು ಕಾಯುತ್ತಿರುತ್ತೇನೆ.