ಬಿಸಿಲಿನ ಅಲರ್ಜಿಗೆ ಬೆಳಕೇ ಮದ್ದಾ?

ಬಿಸಿಲಿಗೆ ಹೋದರೆ ಕೈ, ಕುತ್ತಿಗೆ ತುಂಬ ತುರಿಕೆ ಗುಳ್ಳೆ ಏಳುತ್ತವೆ, ಡಾಕ್ಟರ್ ನೋಡಿದರೆ ಬೆಳಕಿನ ಚಿಕಿತ್ಸೆಯನ್ನೇ ಹೇಳಿದ್ದಾರೆ, ಇದೇನು ತಮಾಷೆನಾ ಅಂತ ಕೇಳಿದ್ದೀರಿ. ತಮಾಷೆ ಅಲ್ಲ.

ನಿಮ್ಮದು ಪಾಲಿಮಾರ್ಫಿಕ್ ಲೈಟ್ ಎರಪ್ಷನ್ (ಬಿಸಿಲು ತಾಗಿದ ಮೇಲೆ ಹೀಗೆ ತುರಿಕೆ ಗುಳ್ಳೆ ಏಳುವ ಚರ್ಮದ ತೊಂದರೆ) ಆಗಿದ್ದರೆ ಇದು ಹಳೆಯ, ಚೆನ್ನಾಗಿ ಗೊತ್ತಿರುವ ದಾರಿ. ನ್ಯಾರೋಬ್ಯಾಂಡ್ ಯುವಿಬಿ ಅಂತಾರೆ, ಅಂದರೆ ನೇರಳಾತೀತ ಬೆಳಕಿನ ಒಂದು ಸಣ್ಣ ಭಾಗ, 311 ನ್ಯಾನೋಮೀಟರ್ ಆಸುಪಾಸಿನ ಕಿರಣ. ಬಹಳ ಕಡಿಮೆ ಡೋಸಿನಿಂದ ಶುರು ಮಾಡಿ, ಚರ್ಮ ತಡೆದುಕೊಂಡಷ್ಟು ಏರಿಸುತ್ತಾ ಹೋಗುತ್ತಾರೆ, ಸಾಮಾನ್ಯವಾಗಿ ವಾರಕ್ಕೆ 3 ಸಲ, ಸುಮಾರು 5 ವಾರ. ಚರ್ಮಕ್ಕೆ ನಿಧಾನವಾಗಿ ಬಿಸಿಲಿನ ರೂಢಿ ಮಾಡಿಸುವುದು, ಅಷ್ಟೇ. ಬೇಸಿಗೆ ಶುರುವಾಗುವ ಮುಂಚೆ ಮುಗಿಸಿದರೆ ಒಳ್ಳೆಯದು. ನಡುವೆ ಒಂದೆರಡು ಸಲ ಗುಳ್ಳೆ ಏಳಬಹುದು, ಗಾಬರಿ ಬೇಡ, ಹೇಳಿದರೆ ಡೋಸ್ ಇಳಿಸುತ್ತಾರೆ.

ಆದರೆ ಮೊದಲು ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ) ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಅದರ ಸುಳಿವು ಕೊಡುವ ಎಎನ್‌ಎ ರಕ್ತ ಪರೀಕ್ಷೆ ಆಗಿದೆಯಾ ಕೇಳಿ, ಯಾಕೆಂದರೆ ಲೂಪಸ್ ಇದ್ದವರಿಗೆ ಇದೇ ಬೆಳಕು ಕಾಯಿಲೆ ಕೆರಳಿಸಬಹುದು. ಡಾಕ್ಸಿಸೈಕ್ಲಿನ್ ತರಹದ, ಚರ್ಮಕ್ಕೆ ಬೆಳಕು ಬೇಗ ತಾಗುವಂತೆ ಮಾಡುವ ಮಾತ್ರೆ ತಗೊಳ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನೊಂದು ವಿಷಯ, ಇದು ಶಾಶ್ವತ ಅಲ್ಲ. ಮುಗಿದ ಮೇಲೆ ಪೂರ್ತಿ ನೆರಳಲ್ಲೇ ಕೂತರೆ ಕೆಲವು ವಾರಗಳಲ್ಲಿ ಆ ರೂಢಿ ತಪ್ಪಿಹೋಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪ ಬಿಸಿಲು ಬೇಕು, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಮುಂದಿನ ವರ್ಷ ಮತ್ತೆ ಮಾಡಿಸಬೇಕಾಗಬಹುದು. ಹಾಗಂತ ದುಡ್ಡು ಉಳಿಸಲು ಸುಮ್ನೆ ಮಧ್ಯಾಹ್ನ ತಾರಸಿ ಮೇಲೆ ಹೋಗಿ ನಿಲ್ಲಬೇಡಿ ಮಾರಾಯ್ರೆ!